ಸಪ್ನಾನ ಬಾಯಾಗ ಮಾಯಕ್ಕನ ದನಿ

ಏ ಕಲ್ಮೇಶ್ಯಾ, ನಿನ್ನೆ ಗ್ರೂಪಿನ್ಯಾಗ ಏನ ಬರದಿ? ಅಜ್ಜ ಎಲ್ಲಾ ಜೋಡಿಸಿ ಹೇಳ್ತಾನ, ಅವಂಗ ನಿನ್ನೆ ಏನ ಉಂಡೆ ಅನ್ನೋದ ನೆನಪಿರೂದಿಲ್ಲ ಅಂತ. ಹೌದಪಾ, ನೆನಪಿಲ್ಲ. ನಿಮ್ಮವ್ವ ಮಾಡಿದ ಆ ಸಪ್ಪನ ಸಾರಿನ್ಯಾಗ ನೆನಪ ಇಟ್ಕೊಳ್ಳೋವಂಥಾದ್ದು ಏನಿತ್ತು? ನಿಮ್ಮ ಅಕ್ಕ ದಾನೇಶ್ವರಿ ಟೀಚರ್‌ಗೋಳ ಟ್ರೇನಿಂಗಿಗೆ ಹೋಗಿ ಬಂದು, ತಪ್ಪ ಮಾಡಿದ ಹುಡುಗರನ್ನ ಹೊಡೀಬಾರ್ದಂತ, ಹೊರಗ ಹಾಕಬಾರ್ದಂತ, ನೊಂದವರನ್ನೂ ನೋಯಿಸಿದವರನ್ನೂ ಎದುರಾ ಎದುರ ಕುಂದ್ರಿಸಿ ಮಾತಾಡಸ್ಬೇಕಂತ, ಇದೆಲ್ಲಾ ಹೊರದೇಶದಿಂದ ಬಂದ ಹೊಸಾ ಪದ್ಧತಿ ಅಂತ ಹೇಳಿದ್ಲು. ಇದನ್ನ ನಿಮ್ಮ ಆಯಿ ಎರಡ ಸಾವಿರದ ಒಂದನೇ ಇಸವಿಯೊಳಗ ಖಾನಾಪುರದಾಗ ಮಾಡಿದ್ಲು ಅಂತ ನಾ ಅಂದ್ರ, ಸಾಲಾಗಿ ಹಳದಿ ಮಾರಿ ಗೊಂಬಿ ಕಳಿಸಿ ನಕ್ಕೀರಿ. ನಗ್ರಿ. ಈಗ ಸುಮ್ನ ಕುಂತು ಕೇಳ್ರಿ. ಆಕಿ ಮನಸಿನ್ಯಾಗ ಏನಿತ್ತು ನಿನಗ ಹೆಂಗ ಗೊತ್ತು ಅಂತ ಮತ್ತ ಕೇಳಬ್ಯಾಡ್ರಿ. ಆಕೀನ ಹೇಳ್ಯಾಳ. ಒಮ್ಮೆಲೆ ಅಲ್ಲ, ವರ್ಸಾನಗಟ್ಟಲೆ, ತುಣುಕು ತುಣುಕು, ಮೆಂತೆ ಪಲ್ಯಾ ಸೋಸ್ಕೋತ. ನಾ ಮಚ್ಛೆಯೊಳಗ ಲೇಥ್ ಮಷೀನ್ ಮ್ಯಾಲ ದುಡದಾಂವ, ತುಣುಕು ಜೋಡಸೂದು ನಂಗ ಬರ್ತೈತಿ.

ಸಾಲಿ ಗ್ಯಾದರಿಂಗ್, ವರ್ಸಕ್ಕೊಮ್ಮೆ ಮಾಡೂ ಹಬ್ಬ, ಆದ ಮರುದಿನ. ಮಾಯಕ್ಕ, ಅಂದ್ರ ನಿಮ್ಮ ಆಯಿ, ನನ್ನ ಹೆಂಡ್ತಿ, ಖಾನಾಪುರ ಹೈಸ್ಕೂಲಿನ ಗಣಿತದ ಟೀಚರ್, ಬೆಳಗಾವಿ ಸ್ಟ್ಯಾಂಡಿನ್ಯಾಗ ಖಾನಾಪುರ ಬಸ್ ಹತ್ತಿ ಕಿಡಕಿ ಬಾಜು ಕುಂತಾಳ. ದಿನಾ ಹೋಗೂ ಬಸ್, ದಿನದ ಕಂಡಕ್ಟರ್. ಆದ್ರ ಅವತ್ತ ಬ್ರೇಕ್ ಹಾಕಿದ್ರ ಸುದ್ದ ಆಕಿಗೆ ಬ್ಯಾ ಅಂದಂಗ ಕೇಳಾಕತ್ತೇತಿ. ಹಿಂದಿನ ಸೀಟಿನ್ಯಾಗ ಒಂದು ಕೂಸು ಅಳ್ತೈತಿ, ಅದೂ ಹಂಗ. ತಿರುಗಿ ನೋಡ್ತಾಳ, ಕೂಸಿನ ತಾಯಿ ಸುಮ್ನ ನಗ್ತಾಳ, ಆ ನಗು ಯಾಕಂತ ಇಡೀ ಪೀರನವಾಡಿ ದಾಟೂಮಟಾ ವಿಚಾರ ಮಾಡ್ತಾಳ. ಆ ವ್ಯಾಳ್ಯಾದಾಗ ಮನಸಿನ್ಯಾಗ ಬಸ್ಸಿನ್ಯಾಗ ಇರಾಕಿ ಆಕಿ ಅಲ್ಲ, ಹಿಂದಿನ ದಿನದ ಮಂಟಪದಾಗ ಎರಡನೇ ಸಾಲಿನ ಖುರ್ಚಿ ಮ್ಯಾಲ ಕುಂತಾಕಿ. ವೇದಿಕಿ ಮ್ಯಾಲ ಒಂಬತ್ತನೇ ಕ್ಲಾಸಿನ ಸಪ್ನಾ ಬಂದಾಳ, ಅವ್ವನ ಸೀರಿ ಸುತ್ತಿಕೊಂಡು. ಮಂದಿಗೆ ಬೆನ್ನ ಮಾಡಿ ಗಾಳಿಯೊಳಗ ಹಲಗಿ ಮ್ಯಾಲ ಬರದಂಗ ಬರೀತಾಳ, ಸೆರಗಿನ ತುದೀಲೆ ಮೂಗಿನ ಸುಣ್ಣದ ಪುಡಿ ಒರಸ್ಕೋತಾಳ. ಮಾಯಕ್ಕಗ ಅಲ್ಲೇ ಗೊತ್ತಾತು ಇದು ನಾನು ಅಂತ. ಮೊದ್ಲ ಹೆಮ್ಮಿ ಆತಂತ, ನೋಡ್ರಿ, ಅದನ್ನ ಆಕಿ ಭಾಳ ವರ್ಸದ ಮ್ಯಾಲ ಹೇಳಿದ್ಲು. ಆಮ್ಯಾಲ ಆ ಹುಡುಗಿ ಈಕೀದ ದನಿಯೊಳಗ, "ಎ ಬಿ ವರ್ಗ, ಬಿ ಸಿ ವರ್ಗ, ಎರಡೂ ಕೂಡಿದ್ರ ಎ ಸಿ ವರ್ಗ, ತಿಳೀತಾ" ಅಂದು, ಆ ತಾ ಅನ್ನೋದನ್ನ ಎಳದು ಎಳದು, ನಡಗಿಸಿ, ಕುರಿ ಕೂಗಿದಂಗ ಬ್ಯಾ ಮಾಡಿಬಿಟ್ಲು. ಮುಂದ ಪ್ರತಿ ಸಾಲಿಗೂ ಬ್ಯಾ. ಮೊದ್ಲ ಒಂಬತ್ತನೇತ್ತಾದವ್ರು ನಕ್ರು, ಆಮ್ಯಾಲ ಮಂಟಪ ನಕ್ತು, ಆಮ್ಯಾಲ ಸ್ಟಾಫ್ ನಕ್ತು. ಪಿ.ಟಿ. ಮಾಸ್ತರ್ ಹಣಮಪ್ಪ ಬಾಯಿಗೆ ದಸ್ತಿ ಹಿಡದಿದ್ದ, ಹೆಗಲು ಕುಣ್ಯಾಕತ್ತಿದ್ದುವು. ಮಾಯಕ್ಕನ ಕೈ ಎರಡೂ ಚಪ್ಪಾಳಿ ಬಡ್ಯಾಕತ್ತಿದ್ದುವು. ತಲಿಗೆ ತಿಳಿದಿತ್ತು, ಕೈಗೆ ಇನ್ನೂ ತಿಳಿದಿದ್ದಿಲ್ಲ. ನಾ ಕಟ್ಟಕಡೀ ಸಾಲಿನ್ಯಾಗ ಆಕಿ ಚೀಲಾ ಹಿಡಕೊಂಡು ನಿಂತಾಂವ, ಖರೇ ಹೇಳ್ತೀನಿ, ಮೈಕ್ ಕೆಟ್ಟೈತಿ ಅನ್ಕೊಂಡಿದ್ದೆ.

ಸಾಲಿ ಮುಟ್ಟಿದ ಕೂಡ್ಲೇ ಹೆಡ್‌ಮಾಸ್ತರ್ ಗುರುಪುತ್ರಪ್ಪ ಸರ್ ಕರಿಸಿದ್ರು. ಅವರಿಗೂ ಸಿಟ್ಟಿತ್ತು, ಆದ್ರ ಈಕಿ ಸಲವಾಗಿ ಅಲ್ಲ. ಸಾಲಿ ಕಮಿಟಿ ಚೇರ್ಮನ್ನರು ಬಂದಾಗ ಹಿಂಗಾತಲ್ಲ ಅಂತ. ಹುಡುಗೀನ ತಗದ ಬಿಡೂಣು, ಟಿಸಿ ಕೊಟ್ಟು ಕಳಸೂಣು ಅಂದ್ರು. ಜನೇವರಿ ತಿಂಗಳದಾಗ ಟಿಸಿ ತೊಗೊಂಡ ಹುಡುಗೀನ ಯಾವ ಸಾಲಿ ಸೇರಿಸ್ಕೋತೈತಿ? ಸಪ್ನಾನ ಅಪ್ಪ ಶಿವಲಿಂಗ ಹಂಚಿನ ಕಾರ್ಖಾನ್ಯಾಗ ಭಟ್ಟಿ ಮುಂದ ದುಡಿಯಾಂವ, ಅವ್ವ ಲಕ್ಷ್ಮೀ ಅಲ್ಲೇ ಹಸೀ ಹಂಚು ಹೊತ್ತು ಬಿಸಲಿಗೆ ಇಡಾಕಿ. ಹುಡುಗಿ ಸಾಲಿ ಬಿಟ್ರ ಮರುದಿನ ಆ ಅಂಗಳದಾಗ, ಮುಂದಿನ ವರ್ಸ ಯಾರದೋ ಮನ್ಯಾಗ ಸೊಸಿಯಾಗಿ. ಇದು ಮಾಯಕ್ಕಗ ಪೂರ್ಣ ಗೊತ್ತಿತ್ತು. ಗೊತ್ತಿದ್ದೂ ಟಿಸಿ ಅನ್ನೋ ಮಾತ ಕೇಳಿ ಆಕಿಗೆ ಖುಷಿ ಆತು. ಬಾಯಾಗ ಬೆಲ್ಲ ಇಟ್ಟಂಗ ಒಂದು ಸಣ್ಣ ಖುಷಿ. ಸ್ಟಾಫ್ ರೂಮಿಗೆ ಬಂದು ಕುಂತ್ಲು. ಆಕಿ ಒಳಗ ಕಾಲಿಟ್ಟ ಕೂಡ್ಲೇ ಎಲ್ಲಾರೂ ಚಾ ಕಪ್ಪ ಎತ್ತಿಕೊಂಡ್ರು. ಹಣಮಪ್ಪ, ಮನಸಿಗೆ ಹಚ್ಕೋಬ್ಯಾಡ್ರಿ ಟೀಚರ್, ಹುಡುಗೂರು ಅವು, ಅಂದ. ಅಂದು ಕಪ್ಪಿನೊಳಗ ಮಾರಿ ಇಟ್ಟ. ಹೊರಗ ನಳದ ಹತ್ರ ಸಪ್ನಾ ಒಬ್ಬಾಕಿನ ನಿಂತಿದ್ಲು. ನಿನ್ನೆ ಆಕಿ ಜೋಡಿ ನಕ್ಕವ್ರು ಒಬ್ರೂ ಬಾಜು ಇದ್ದಿಲ್ಲ. ಮಾಯಕ್ಕಗ ಆ ಖುಷಿ ಇನ್ನೂ ಬಾಯಾಗ ಇತ್ತು, ಉಗಳಾಕೂ ಬರವಲ್ದು, ನುಂಗಾಕೂ ಬರವಲ್ದು. ಹುಡುಗಿ ನಿಂತ ರೀತಿ ಎಲ್ಲೋ ಕಂಡಂಗ ಐತಲ್ಲ ಅಂತ ನೋಡಿದ್ಲು. ಭುಜ ಮುಂದ ಬಾಗಿಸಿ, ತನ್ನ ಮೈ ತಾನ ಮುಚ್ಕೊಂಡಂಗ. ಎಲ್ಲಿ ಕಂಡಿದ್ಲು ಅನ್ನೋದು ಸಂಜೀಮಟಾ ಹೊಳೀಲಿಲ್ಲ.

ಸಂಜೀಗೆ ತಿರುಗಿ ಬರೂಮುಂದ ದೇಸೂರ ಹತ್ರ ಬಸ್ ನಿಂತು ಹೋತು. ರೋಡ್ ತುಂಬ ಕುರಿ. ಬಸ್ಸಿನ ಎರಡೂ ಕಡೆ ಉಣ್ಣೆಯ ಹೊಳಿ ಹರದಂಗ, ಡ್ರೈವರ್ ಹಾರ್ನ್ ಮ್ಯಾಲಿನ ಕೈ ತಗೀವಲ್ಲ. ಮಂದಿ ಮೂಗು ಮುಚ್ಕೊಂಡ್ರು. ಮಾಯಕ್ಕನೂ ಸೆರಗು ಮೂಗಿಗೆ ಹಿಡದಿದ್ಲು. ಹಿಡದು, ಆ ಸೆರಗು ಹಿಡದ ತನ್ನ ಕೈಯನ್ನ ಬ್ಯಾರೇದವರ ಕೈ ನೋಡಿದಂಗ ನೋಡಿದ್ಲು. ತವರೂರು ಬೀಡಿಯ ಸಾಲ್ಯಾಗ ಎರಡನೇತ್ತಾ ಕಲಿಯೂ ದಿನಾ ಕಣ್ಣ ಮುಂದ ಬಂದ್ವು. ಬಾಜು ಕುಂದರೂ ಹುಡುಗಿ ಅಕ್ಕವ್ವ ತನ್ನ ಪಾಟಿಚೀಲಾ ಎತ್ತಿ ಆ ಕಡೆ ಇಟ್ಕೋತಾಳ, ಏನೂ ಅನ್ನೂದಿಲ್ಲ, ಬರೇ ಉಸರ ಬಿಗಿ ಹಿಡೀತಾಳ. ಕುರಿ ದಡ್ಡಿಯೊಳಗಿಂದ ಎದ್ದು ಸಾಲಿಗೆ ಬಂದ ಹುಡುಗಿ ಮಾಯಕ್ಕ ಭುಜ ಮುಂದ ಬಾಗಿಸಿ ತನ್ನ ವಾಸನಿ ತಾನ ಮುಚ್ಕೊಂಡು ಕುಂದರ್ತಾಳ. ಸಾಲಿ ಬಿಟ್ಟ ಮ್ಯಾಲ ಅಪ್ಪನ ಹಂತ್ಯಾಕ ಓಡ್ತಾಳ. ಅಪ್ಪ ಭರಮಣ್ಣ ಯಾರದೋ ಹೊಲದಾಗ ಕುರಿ ನಿಲ್ಲಿಸ್ಯಾನ. ಅವತ್ತ ಇಬ್ಬರು ಕುರುಬರು ಜಗಳಾಡಿ ಬಂದಾರ, ಒಬ್ಬನ ನಾಯಿ ಇನ್ನೊಬ್ಬನ ಮರಿ ಹರದೈತಿ. ಅಪ್ಪ ಏನೂ ಬೈಲಿಲ್ಲ. ಹೆಗಲ ಮ್ಯಾಲಿನ ಕರೀ ಕಂಬಳಿ ಹಾಸಿ ಇಬ್ಬರನ್ನೂ ಅದರ ಮ್ಯಾಲ ಕುಂದ್ರಿಸಿದ. ಅವರ ಮನಿತನದ ಪದ್ಧತಿ ಅದು. ನೊಂದಾಂವ ಮೊದ್ಲ ಮಾತಾಡಬೇಕು. ನೋಯಿಸಿದಾಂವ ಜವಾಬ ಕೊಡೂಹಂಗಿಲ್ಲ, ತಾ ಕೇಳಿದ್ದನ್ನ ಹಂಗಿಂದ ಹಂಗ ತಿರುಗಿ ಹೇಳಬೇಕು. ನೊಂದಾಂವ ಹೌದು, ಇದ ನನ್ನ ಮಾತು ಅನ್ನೂಮಟಾ ಹೇಳಬೇಕು. ಆಮ್ಯಾಲ ಅದಲಾಬದಲಿ. ಕಡೀಕ ಏನ ಮಾಡಿದ್ರ ಸರಿ ಆಗ್ತೈತಿ ಅನ್ನೋದನ್ನ ಇಬ್ಬರೂ ಕೂಡಿ ಹೇಳಬೇಕು. ಕಂಬಳಿಯಿಂದ ಒಬ್ಬ ಎದ್ದು ಹೋದ್ರ ಅವನ ಜೋಡಿ ಆ ಸುಗ್ಗೀತನಕ ಯಾರೂ ಬೀಡಿ ಸೇದೂದಿಲ್ಲ. ಆ ನಾಯಿಯ ಒಡ್ಯಾ ಮರಿ ಕಳಕೊಂಡವನ ಮಾತು ತನ್ನ ಬಾಯಿಲೆ ಆಡ್ಕೋತ ಆಡ್ಕೋತ ಅತ್ತದ್ದು ಮಾಯಕ್ಕ ನೋಡಿದ್ಲು. ಕುರಿ ದಾಟಿದ್ವು, ಬಸ್ ಮುಂದ ಹೋತು. ಮನಿಗೆ ಬಂದಾಕಿನ ಚಪ್ಪಲಿ ಸುದ್ದ ಬಿಡಲಿಲ್ಲ, ಅಟ್ಟದ ಮ್ಯಾಲಿನ ಟ್ರಂಕ್ ಇಳಸ್ರಿ ಅಂದ್ಲು. ಮದಿವ್ಯಾಗ ಅಪ್ಪ ಕೊಟ್ಟ ಕಂಬಳಿ ಅದರಾಗಿತ್ತು. ಬೀಗರು ಬಂದ್ರ ಕಾಣಬಾರ್ದಂತ ಡಾಂಬರ ಗುಳಿಗಿ ಹಾಕಿ ಇಟ್ಟಿದ್ಲು.

ಸಪ್ನಾನ ಜೋಡಿ ಕಂಬಳಿ ಮ್ಯಾಲ ಕುಂದರ್ತೀನಿ ಅಂದ್ರ ಹೆಡ್‌ಮಾಸ್ತರನ್ನ ಒಪ್ಪಸೂದೇನ ಸಸಾರ ಇತ್ತಾ? ಟೀಚರ್, ಇದು ಸಾಲಿ, ಪಂಚಾಯ್ತಿ ಕಟ್ಟಿ ಅಲ್ಲ ಅಂದ್ರು. ನೀವು ದೊಡ್ಡವರು, ಹುಡುಗಿ ಸರೀಸಮ ನೆಲದ ಮ್ಯಾಲ ಕುಂತ್ರ ನಾಳೆ ಖೋಲ್ಯಾಗ ಯಾರ ಅಂಜತಾರ ಅಂದ್ರು. ಈಕಿ, ಸರ್, ಈಗರ ಯಾರ ಅಂಜಾಕತ್ತಾರ ಅಂದ್ಲು. ಅವರು ಕನ್ನಡಕ ತಗದು ಒರಸಿ ಮತ್ತ ಹಾಕ್ಕೊಂಡ್ರು. ಒಮ್ಮೆ ನೋಡೂಣು, ಆಗಲಿಲ್ಲಂದ್ರ ಟಿಸಿ ತಯಾರ ಐತಿ ಅಂದ್ರು. ಕಂಬಳಿ ಬಸ್ಸಿನ್ಯಾಗ ಒಯ್ಯಾಕ ಆಕಿಗೆ ಧೈರ್ಯ ಇನ್ನೂ ಬಂದಿದ್ದಿಲ್ಲ. ನಾನ ಅರ್ಧಾ ದಿನ ಸೂಟಿ ಹಾಕಿ ನನ್ನ ಎಂ-80 ಗಾಡಿ ಮ್ಯಾಲ ಕಟ್ಟಿಕೊಂಡು ಹೋದೆ. ಅದಕ್ಕ ಬಾಗಲದಾಗ ನಿಂತು ಮುಂದಿಂದು ಎಲ್ಲಾ ಕಣ್ಣಾರೆ ನೋಡೀನಿ.

ಹೆಡ್‌ಮಾಸ್ತರ್ ಖೋಲಿ. ಕಂಬಳಿ ಹಾಸೇತಿ. ಲಕ್ಷ್ಮೀ ಮಗಳನ್ನ ಎಳಕೊಂಡು ಬಂದಳು, ಸೆರಗಿಗೆ ಕೆಂಪು ಮಣ್ಣು ಹಂಗ ಐತಿ. ಸಾಹೇಬ್ರ, ಎಷ್ಟರ ಹೊಡೀರಿ, ಸಾಲಿ ಬಿಡಸಬ್ಯಾಡ್ರಿ ಅಂತ ಒಂದ ಸಮನ ಅದನ್ನ ಹೇಳ್ತಾಳ. ಸಪ್ನಾ ಕಂಬಳಿ ಮ್ಯಾಲ ಕುಂತ್ಲು. ಇಲ್ಲೆ ನೋಡ್ರಿ ನಮ್ಮಾಕಿ ಏನ ಮಾಡಿದ್ಲು. ಹೋಗಿ ಖುರ್ಚಿ ಮ್ಯಾಲ ಕುಂತ್ಲು. ಹದಿನೈದ ವರ್ಸ ಮಾಸ್ತರಕಿ ಮಾಡಿದ ಕಾಲು, ಖುರ್ಚಿ ಕಂಡ ಕೂಡ್ಲೇ ಅತ್ಲಾಗ ಹೋದ್ವು. ಕುಂತು ಮಾತಾಡ್ತಾಳ, ಹುಡುಗಿ ಮಾರಿ ಎತ್ತವಲ್ದು. ನೆಲಕ್ಕ ಕುಂತಾಕಿಗೆ ಈಕಿ ಮಾತು ಮತ್ತೊಂದು ಪಾಠ ಅಷ್ಟ. ಗುರುಪುತ್ರಪ್ಪ ಸರ್ ಗಡಿಯಾರ ನೋಡಿದ್ರು. ಮಾಯಕ್ಕಗ ತನ್ನ ಕಾಲು ಕಂಡ್ವು, ಆ ಹುಡುಗಿ ಕಣ್ಣ ಮುಂದ ತನ್ನ ಚಪ್ಪಲಿ ಕಂಡ್ವು. ಎದ್ದು ಚಪ್ಪಲಿ ಬಿಟ್ಟು ಬಂದು ಕಂಬಳಿ ಮ್ಯಾಲ ಕುಂತ್ಲು, ಮೊಣಕಾಲಿಗೆ ಮೊಣಕಾಲು ಹತ್ತೂಹಂಗ. ಆಮ್ಯಾಲ ಸಣ್ಣ ದನಿಲೆ ಹೇಳಿದ್ಲು.

"ನೀ ಹಂಗ ಮಾಡಿದಾಗ ನನ್ನ ಕೈ ಚಪ್ಪಾಳಿ ಬಡ್ಯಾಕತ್ತಿದ್ದುವು ಸಪ್ನಾ. ನಿಲ್ಲಸಾಕ ಆಗಲಿಲ್ಲ. ಈಗ ಕ್ಲಾಸಿನ ಖೋಲಿಗೆ ಬರೂಮೊದ್ಲ ಬಾಗಲ ಹೊರಗ ನಿಂತು, ಯಾರರ ಕೂಗ್ತಾರೇನು ಅಂತ ಕೇಳ್ಕೋತ ನಿಂದರ್ತೀನಿ."

ಈಗ ಸಪ್ನಾ ತಿರುಗಿ ಹೇಳಬೇಕು. ಹುಡುಗಿ ಸುರು ಮಾಡಿದ್ಲು. ಮಾಡಿದ್ದು ಯಾರ ದನಿಲೆ? ಮಾಯಕ್ಕನ ದನಿಲೆ. ಅದ ತಡವರಿಕಿ, ಅದ ಉಸರು. ಗುರುಪುತ್ರಪ್ಪ ಸರ್ ಖುರ್ಚಿ ಹಿಂದಕ ಸರಿಸಿ ಎದ್ದಬಿಟ್ರು, ಮತ್ತ ಅಣಕಾ ಸುರು ಮಾಡಿದಿ ಅಂತ. ಲಕ್ಷ್ಮೀ ಮಗಳ ಬೆನ್ನಿಗೆ ಒಂದು ಏಟು ಹಾಕಾಕ ಕೈ ಎತ್ತಿದ್ಲು. ಮಾಯಕ್ಕ ಕಣ್ಣ ಮುಚ್ಚಿಕೊಂಡು ಕೈ ಅಡ್ಡ ಹಿಡದ್ಲು, ಬ್ಯಾಡ, ಹೇಳ್ಲಿ ಅಂತ. ಯಾಕಂದ್ರ ಆಕಿಗೆ ಗೊತ್ತಾಗಿತ್ತು, ಆ ಹುಡುಗಿಗೆ ಒಬ್ಬರ ಮಾತು ತಿರುಗಿ ಹೇಳಾಕ ಬ್ಯಾರೆ ದಾರಿನ ಇಲ್ಲ ಅಂತ. ಒಬ್ಬರನ್ನ ತಿಳಕೋಬೇಕಂದ್ರ ಆಕಿಗೆ ಅವರ ದನಿಯೊಳಗ ಹೋಗಬೇಕು. ತನ್ನ ದನಿ ಹೊರಗಿಂದ ಬಂದು ತನಗ ಮುಟ್ಟಿದ್ದು ಮಾಯಕ್ಕಗ ಜನ್ಮದಾಗ ಮೊದ್ಲ ಸಲ. ವೇದಿಕಿ ಮ್ಯಾಲ ಬಂದದ್ದು ಬರೇ ಸಿಪ್ಪಿ, ಈಗ ಬರಾಕತ್ತಿದ್ದು ತಿರುಳು. ನನ್ನ ಕೈ ಚಪ್ಪಾಳಿ ಬಡ್ಯಾಕತ್ತಿದ್ದುವು, ಅಂತ ಸಪ್ನಾ ಹೇಳ್ತಾಳ, ಹೇಳ್ಕೋತ ತನ್ನ ಕೈ ತಾನ ನೋಡ್ಕೋತಾಳ. ಬಾಗಲ ಹೊರಗ ನಿಂದರ್ತೀನಿ ಅನ್ನೋದಕ್ಕ ಬರೂಮಟಾ ದನಿ ಒಡೀತು. ಮಾಯಕ್ಕ ಅಲ್ಲಿ ಒಡದಿದ್ದಿಲ್ಲ, ಹಲ್ಲ ಕಡದು ತಡಕೊಂಡಿದ್ಲು. ಆಕಿ ತಡಕೊಂಡಿದ್ದು ಹುಡುಗಿ ಬಾಯಿಂದ ಹೊರಗ ಬಂತು. ಹೌದು, ಇದ ನನ್ನ ಮಾತು, ಅಂದ್ಲು ನಮ್ಮಾಕಿ.

ಅದಲಾಬದಲಿ ಆತು. ಈಗ ಸಪ್ನಾ ಮಾರಿ ಕೆಳಗ ಹಾಕಿಕೊಂಡು ತನ್ನ ದನಿಲೆ ಹೇಳಿದ್ಲು.

"ಗಣಿತ ಬರಲಿಲ್ಲಂತ ನೀವು ಎಲ್ಲಾರ ಮುಂದ ನಿನ್ನ ತಲ್ಯಾಗ ಬರೇ ಹಂಚಿನ ಮಣ್ಣು ತುಂಬೇತಿ ಅಂದ್ರಿ, ಅಕ್ಕೋರ. ಅವತ್ತಿಂದ ನನ್ನ ಹೆಸರ ಮಣ್ಣು ಆತು. ಖಾನಾಪುರ ಪ್ಯಾಟ್ಯಾಗೂ ಮಣ್ಣು ಅಂತಾರ. ದೀಪಾವಳಿ ಮುಂದ ನಿಮ್ಮಪ್ಪಾರು ರುಂಬಾಲ ಸುತ್ಕೊಂಡು, ಕುರುಬರ ಕಂಬಳಿ ಹೊತ್ಕೊಂಡು ಮೊಸರಿನ ಗಡಗಿ ತೊಗೊಂಡು ಬಂದಿದ್ರು. ಯಾರು ಅಂತ ಸಿಪಾಯಿ ಕೇಳಿದ್ದಕ್ಕ ನೀವು ನಮ್ಮ ಊರ ಕಡೇವ್ರು ಅಂದ್ರಿ. ನಾ ನಳದಾಗ ನೀರ ಕುಡ್ಯಾಕತ್ತಿದ್ದೆ, ಅವರು ನಿಮಗ ಮಗಳ ಅಂದದ್ದು ಕೇಳಿದ್ದೆ. ನಿಮ್ಮ ಕುರಿ ನೀವು ಮುಚ್ಚಿಟ್ರಿ, ನಮ್ಮ ಮಣ್ಣ ಎಲ್ಲಾರಿಗೂ ತೋರ್ಸಿದ್ರಿ."

 ಹಂಚಿನ ಮಣ್ಣು ಅಂದದ್ದು ಮಾಯಕ್ಕಗ ನೆನಪ ಸುದ್ದ ಇದ್ದಿಲ್ಲ. ದಿನಕ್ಕ ಅಂಥಾವು ಎಷ್ಟ ಅಂತಿದ್ಲೋ, ಮಾಸ್ತರಕಿ ಮಾಡೋರು ಅಂತಾರ. ಆದ್ರ ಅಪ್ಪ ನೆನಪಿದ್ದ. ಊರ ಕಡೇವ್ರು ಅಂದಾಗ ಅಪ್ಪ ತಲಿ ಅಲ್ಲಾಡಿಸಿ, ಹೌದ್ರಿ ಸಿಪಾಯರ, ಊರ ಕಡೆಯಾಂವ ಅಂತ ಮಗಳ ಸುಳ್ಳಿಗೆ ತಾನೂ ಹೆಗಲ ಕೊಟ್ಟಿದ್ದ, ಗಡಗಿ ಇಟ್ಟು ಹೋಗಿದ್ದ. ಆ ಮೊಸರು ಆಕಿ ಮನಿಗೆ ತಂದಿದ್ಲು, ನಾನೂ ಉಂಡೆ, ಭಾಳ ರುಚಿ ಐತಿ ಯಾರು ಕೊಟ್ರು ಅಂದಿದ್ದೆ. ಈಗ ತಿರುಗಿ ಹೇಳೋ ಪಾಳಿ ಆಕೀದು. ಬಾಯಿ ತಗದ್ಲು. ಬಂದದ್ದು ಪುಸ್ತಕದ ಮಾತು. ನಾನು ವಿದ್ಯಾರ್ಥಿನಿಯ ಬಗ್ಗೆ ಅನುಚಿತವಾದ ಶಬ್ದ ಬಳಸಿದೆ, ಅಂದ್ಲು. ಸಪ್ನಾ ತಲಿ ಅಲ್ಲಾಡಿಸಿ, ಹಂಗಲ್ರಿ ಅಕ್ಕೋರ, ನಾ ಹಂಗ ಹೇಳಿಲ್ಲ, ಅಂದ್ಲು. ಮತ್ತೊಮ್ಮೆ ಹೇಳಿದ್ಲು, ಮತ್ತ ಸುತ್ತಿ ಬಳಸಿ. ಹಂಗೂ ಅಲ್ರಿ. ಒಂಬತ್ತನೇತ್ತಾ ಹುಡುಗಿ, ಟೀಚರ್ ಉತ್ತರಾ ತಪ್ಪು ಅಂತಾಳ, ಗುರುಪುತ್ರಪ್ಪ ಸರ್ ಮೀಸಿ ಕುಣ್ಯಾಕತ್ತಾವು, ಆದ್ರ ಎದ್ದೇಳವಲ್ರು. ಮೂರನೇ ಸಲಕ್ಕ ಮಾಯಕ್ಕ ಮಾರಿ ಎತ್ತಿ ಹಂಗಿಂದ ಹಂಗ ಹೇಳಿದ್ಲು. ನಿನ್ನ ತಲ್ಯಾಗ ಹಂಚಿನ ಮಣ್ಣು ತುಂಬೇತಿ ಅಂದೆ. ನಮ್ಮಪ್ಪನ್ನ ಊರ ಕಡೇವ್ರು ಅಂದೆ. ನಮ್ಮ ಕುರಿ ಮುಚ್ಚಿಟ್ಟೆ, ನಿಮ್ಮ ಮಣ್ಣ ಎಲ್ಲಾರಿಗೂ ತೋರ್ಸಿದೆ. ಲಕ್ಷ್ಮೀ ತನ್ನ ಸೆರಗಿನ ಕೆಂಪು ಝಾಡಸಾಕ ಹೋದಾಕಿ ಅದನ್ನ ಹಂಗ ಬಿಟ್ಲು. ಹೌದ್ರಿ, ಇದ ನನ್ನ ಮಾತು, ಅಂದ್ಲು ಸಪ್ನಾ.

ಈಗ ಏನ ಮಾಡಿದ್ರ ಸರಿ ಆಗ್ತೈತಿ. ಮೈಕಿನ್ಯಾಗ ಮಾಡೀನಿ, ಮೈಕಿನ್ಯಾಗ ಕ್ಷಮಾ ಕೇಳ್ತೀನಿ ಅಂದ್ಲು ಹುಡುಗಿ. ಇಪ್ಪತ್ತಾರನೇ ತಾರೀಖ ಝೇಂಡಾ ಹಾರಸೂ ದಿನಾ ಮೈಕ್ ಇರ್ತೈತಿ. ನಾನೂ ಕೇಳ್ತೀನಿ ಅಂದ್ಲು ಮಾಯಕ್ಕ. ಹೆಡ್‌ಮಾಸ್ತರ್ ಮಾರಿ ಇಳಿದು ಹೋತು. ಚೇರ್ಮನ್ನರ ಮುಂದ ಟೀಚರ್ ಹುಡುಗಿಗೆ ಕ್ಷಮಾ ಕೇಳೂದಾ? ಟಿಸಿ ಕಾಗದಾ ಮಡಚಿ ಅಂಗಿ ಖಿಸೇದಾಗ ಇಟ್ಕೊಂಡ್ರು. ಅವತ್ತಿನಮಟಾ ಇದು ಇಲ್ಲೇ ಇರ್ತೈತಿ, ಅವತ್ತ ಏನರ ಗದ್ದಲಾದ್ರ ಅಲ್ಲೇ ಕೈಗೆ ಕೊಡ್ತೀನಿ ಅಂದ್ರು.

ಇಪ್ಪತ್ತಾರಕ್ಕ ನಾ ಹೊತ್ತು ಹೊಂಡೂಕಿಂತ ಮೊದ್ಲ ಬೀಡಿಗೆ ಹೋಗಿ ಮಾವ ಭರಮಣ್ಣನ್ನ ಎಂ-80 ಮ್ಯಾಲ ಕುಂದ್ರಿಸ್ಕೊಂಡು ಬಂದೆ, ದಾರ್ಯಾಗ ನಡದದ್ದೆಲ್ಲಾ ಹೇಳಿದೆ. ಮುದುಕ ದಾರಿ ಪೂರ್ತಿ, ನಾ ಹೊರಗ ನಿಂದರ್ತೀನಿ ಅಳ್ಯಾ, ಅದು ಸಾಲಿ, ಅಂತಿದ್ದ. ಗೇಟಿನ್ಯಾಗ ಮಾಯಕ್ಕ ಕಾಯ್ಕೊಂಡು ನಿಂತಿದ್ಲು. ಅದ ಸಿಪಾಯಿಗೆ, ಇವರು ನಮ್ಮಪ್ಪಾರು, ಖುರ್ಚಿ ಹಾಕ್ರಿ ಅಂದ್ಲು. ಖುರ್ಚಿ ಖಾಲಿ ಇದ್ದದ್ದು ಚೇರ್ಮನ್ನರ ಬಾಜೂಕ ಒಂದ. ಅಲ್ಲೇ ಹಾಕಿದ್ರು, ಮುದುಕ ತುದ್ಯಾಗ ಕುಂತ. ಝೇಂಡಾ ಹಾರ್ತು. ಸಪ್ನಾ ಬಂದು ಮೈಕಿನ್ಯಾಗ ತನ್ನ ದನಿಲೆ ಕ್ಷಮಾ ಕೇಳಿದ್ಲು, ಎರಡ ಮಾತು, ನಾಟಕಾ ಇಲ್ಲ. ಆಮ್ಯಾಲ ಮಾಯಕ್ಕ. ಈ ಹುಡುಗೀನ ನಾ ಮಣ್ಣು ಅಂದೆ, ಇನ್ನ ಮ್ಯಾಲ ಆಕಿ ಹೆಸರು ಸಪ್ನಾ ಅಂತ ಇಡೀ ಸಾಲಿಗೆ ಕೇಳೂಹಂಗ ಹೇಳಿದ್ಲು. ಅಲ್ಲೆ ಕುಂತವ್ರು ನಮ್ಮಪ್ಪ ಭರಮಣ್ಣ, ಕುರಿ ಕಾಯ್ತಾರ, ಆ ಕುರಿ ನನ್ನ ಓದ್ಸ್ಯಾವು, ಅಂದ್ಲು. ಯಾರೂ ಚಪ್ಪಾಳಿ ಬಡೀಲಿಲ್ಲ. ಹುಡುಗೂರು ಟೀಚರ್ ಕ್ಷಮಾ ಕೇಳಿದ್ದು ಕಂಡಿದ್ದಿಲ್ಲ, ಏನ ಮಾಡಬೇಕು ತಿಳೀದ ನಿಂತಿದ್ವು. ಚೇರ್ಮನ್ನರ ಹುಬ್ಬು ಗಂಟಾಗಿದ್ವು. ಆವಾಗ ಮುದುಕ ಎದ್ದ. ಯಾರೂ ಕರದಿದ್ದಿಲ್ಲ, ತಾನ ಎದ್ದು ಮೈಕಿನ ಹತ್ರ ಹೋದ.

"ನೀ ಏನವಾ ಕುರಿ ಕೂಗು ಕೂಗಾಕಿ? ಕೂಗು ನೋಡೂಣು."

 ಗುರುಪುತ್ರಪ್ಪ ಸರ್ ಕೈ ಖಿಸೇದ ಮ್ಯಾಲ ಹೋತು. ಸಪ್ನಾ ಮುದುಕನ್ನ ನೋಡಲಿಲ್ಲ, ಚೇರ್ಮನ್ನರನ್ನ ನೋಡಲಿಲ್ಲ, ಮಾಯಕ್ಕನ ಮಾರಿ ನೋಡಿದ್ಲು. ಕೂಗ್ಲೋ ಬ್ಯಾಡೋ ಅಂತ ಕೇಳೋ ಕಣ್ಣು. ಆ ಒಂದು ಗಳಿಗ್ಯಾಗ ಮಾಯಕ್ಕಗ ಎಲ್ಲಾ ಒಮ್ಮೆಲೆ ಬಂದು ಹೋತಂತ, ಅಕ್ಕವ್ವ ಬಿಗಿ ಹಿಡದ ಉಸರು, ಹಣಮಪ್ಪನ ದಸ್ತಿ, ಬಸ್ಸಿನ ಹಿಂದ ಅತ್ತ ಕೂಸು. ಬ್ಯಾಡ ಅಂದ್ರ ಯಾರೂ ತಪ್ಪ ಅಂತಿದ್ದಿಲ್ಲ. ಆದ್ರ ಈ ಸಲ ಆಕೀನ ಕೇಳಿದ್ರು, ಇಡೀ ಜನ್ಮದಾಗ ಆ ವಿಷಯಕ್ಕ ಆಕಿ ಒಪ್ಪಿಗಿ ಯಾರೂ ಕೇಳಿದ್ದಿಲ್ಲ. ತಲಿ ಹಾಕಿದ್ಲು, ಕೂಗು ಅಂತ.

ಸಪ್ನಾ ಕೂಗಿದ್ಲು. ಮುದುಕ ಕಿವಿಗೆ ಕೈ ಹಚ್ಚಿ ಕೇಳಿ, "ಇದು ಆಡು ಯವ್ವಾ, ಕುರಿ ಅಲ್ಲ. ಆಡು ಗಂಟಲದಾಗ ಕೂಗ್ತೈತಿ, ಕುರಿ ಹೊಟ್ಟ್ಯಾಗಿಂದ" ಅಂತ ಮೈಕಿನ್ಯಾಗ ತಾನ ಕೂಗಿ ತೋರ್ಸಿದ. ಮೈಕ್ ಕುಂಯ್ ಅಂತು. ಮಾಯಕ್ಕಗ ತಡಕೊಳ್ಳಾಕ ಆಗಲಿಲ್ಲ. ಅಪ್ಪಾ, ನಿಂದು ಮುದಿ ಟಗರ ಆತು, ಮರಿ ತಾಯೀನ ಹುಡುಕೂದು ಹಿಂಗ ಅಂತ ಆಕಿ ಕೂಗಿದ್ಲು ನೋಡ್ರಿ. ಗಣಿತದ ಟೀಚರ್, ಪ್ಲೇಟ್ ಹಾಕಿದ ಕಾಟನ್ ಸೀರಿ, ಝೇಂಡಾದ ಕೆಳಗ. ಗೇಟಿನ ಹೊರಗ ರೋಡಿನ್ಯಾಗ ಹೊಂಟ ಖರೇ ಕುರಿಮರಿ ಒಂದು ಜವಾಬ ಕೊಡ್ತು ಅಂದ್ರ ಕಲ್ಮ್ಯಾ ನಂಬೂದಿಲ್ಲ, ಅದಕ್ಕ ಅದನ್ನ ಹೇಳೂದಿಲ್ಲ. ಮೈದಾನ ಬಿದ್ದು ಬಿದ್ದು ನಕ್ತು. ಚೇರ್ಮನ್ನರು ಟೊಪಗಿ ತಗದು ಅದರಾಗ ಮಾರಿ ಮುಚ್ಚಿ ನಕ್ರು. ಮಾಯಕ್ಕ ಎಲ್ಲಾರಕಿಂತ ಜೋರ ನಕ್ಲು, ಸಪ್ನಾನ ಭುಜಾ ಹಿಡಕೊಂಡು, ಇಲ್ಲಂದ್ರ ಬೀಳ್ತಿದ್ಲು. ಗುರುಪುತ್ರಪ್ಪ ಸರ್ ಹಿಂದಕ ತಿರುಗಿ ನಿಂತು ಖಿಸೇದಾಗಿನ ಕಾಗದಾ ತಗದು ಹರದು, ತುಂಡು ಕೆಳಗ ಒಗೀಲಿಲ್ಲ, ಶಿಸ್ತಿನ ಮನಶಾ, ಮತ್ತ ಖಿಸೇದಾಗ ಇಟ್ಕೊಂಡ್ರು. ಅದನ್ನ ನೋಡಿದಾಂವ ನಾ ಒಬ್ಬನ.

ಕಂಬಳಿ ಸಾಲ್ಯಾಗ ಉಳೀತು. ಮುಂದ ಹುಡುಗೂರು ಜಗಳಾಡಿದ್ರ ಬೆತ್ತಕ್ಕ ಅಂಜದ ಪುಂಡರು ಸುದ್ದ, ಸರ್ ಕಂಬಳಿ ಬ್ಯಾಡ್ರಿ, ಬೇಕಾದ್ರ ಎರಡ ಹೊಡೀರಿ ಅಂತಿದ್ರು. ಯಾಕಂದ್ರ ಹೊಡತಾ ತಿನ್ನೂದು ಹಗರ, ಇನ್ನೊಬ್ಬರ ಮಾತು ತನ್ನ ಬಾಯಿಲೆ ಹೇಳೂದು ವಜ್ಜೆ. ಸಪ್ನಾ ಹತ್ತನೇತ್ತಾ ಪಾಸಾದ್ಲು, ಗಣಿತದಾಗೂ. ಈಗ ಏನ ಮಾಡ್ತಾಳಂತ ನನ್ನ ಕೇಳಬ್ಯಾಡ್ರಿ, ಅದು ಆಕಿ ಸುದ್ದಿ, ಆಕೀನ ಕೇಳ್ರಿ.

ಹಾಂ, ಇನ್ನೊಂದು ಮಾತು ಹೇಳಿ ಬಂದ್ ಮಾಡ್ತೀನಿ. ನಿಮ್ಮ ಪೈಕಿ, ನಿಮ್ಮ ಗೆಳ್ಯಾರ ಪೈಕಿ ಮಾಸ್ತರಕಿ ಮಾಡೋರು ಯಾರರ ಇದ್ರ ಅವರಿಗೆ ಇದನ್ನ ಮುಂದ ಕಳಸ್ರಿ. ಸೋಮವಾರ ಯಾವದರ ಹುಡುಗ್ರಿಗೆ ಟಿಸಿ ಕೊಡೂಣು ಅಂತ ಕುಂತವ್ರಿಗೆ ಮೊದ್ಲ ಕಳಸ್ರಿ. ಆದ್ರ ಕುರಿ ಕೂಗಿದ್ದಷ್ಟ ಕತ್ತರಿಸಿ ಕಳಸಬ್ಯಾಡ್ರಿ, ನಿಮ್ಮನ್ನ ನಾ ಬಲ್ಲೆ. ಪೂರ್ತಿ ಕಳಸ್ರಿ. ಕಳಸೂಕಿಂತ ಮೊದ್ಲ ಒಳಗ ಹೋಗಿ ನಿಮ್ಮ ಆಯೀನ ಒಂದು ಮಾತು ಕೇಳ್ರಿ, ಕಳಸ್ಲೇನು ಅಂತ. ನಾ ಕೇಳೀನಿ. ಕಳಸಂದಾಳ.